ಕಾರಿನ ಕಿಟಕಿಗೆ ಸಿಕ್ಕಿಸಿದ ಟ್ರೇ

ಅಪ್ಪಯ್ಯನ ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ತುಂಡು ಬಟ್ಟೆ ಇರುತ್ತಿದ್ದವು. ಅಂಗೈ ಅಗಲದವು, ಹಳೆಯ ಪಂಚೆ ಹರಿದು ಮಾಡಿಕೊಂಡವು. ಮದರಾಸಿನ ಕೆಥೆಡ್ರಲ್ ರಸ್ತೆಯಲ್ಲಿದ್ದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಅವರು ಸಪ್ಲೈಯರ್. ಅಲ್ಲಿ ಗಿರಾಕಿ ಕಾರಿನಿಂದ ಇಳಿಯಲೇಬೇಕೆಂದಿರಲಿಲ್ಲ. ಮರದ ನೆರಳು ಹುಡುಕಿ ಕಾರು ನಿಲ್ಲಿಸಿ ಗಾಜು ಇಳಿಸಿದರೆ ಸಾಕು, ಕೊಕ್ಕೆಯಿರುವ ಟ್ರೇಯನ್ನು ಕಿಟಕಿಗೆ ಸಿಕ್ಕಿಸಿ ದೋಸೆ, ಬೋಂಡಾ, ಕಾಫಿ ಎಲ್ಲ ಅಲ್ಲಿಗೇ ಬರುತ್ತಿತ್ತು. ಕೊಕ್ಕೆ ಸಿಕ್ಕಿಸುವ ಮೊದಲು ಅಪ್ಪಯ್ಯ ಆ ಬಟ್ಟೆಯನ್ನು ಮಡಚಿ ನಡುವೆ ಇಡುತ್ತಿದ್ದರು. ಕಾರಿನ ಬಣ್ಣಕ್ಕೆ ಗೀರು ಬೀಳಬಾರದು, ಅಷ್ಟೇ. ಹಾಗೆ ಮಾಡೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಾಡದಿದ್ದರೆ ಕೇಳುವವರೂ ಇರಲಿಲ್ಲ. ರಾತ್ರಿ ಮನೆಗೆ ಬಂದವರು ಮೊದಲು ಆ ತುಂಡುಗಳನ್ನು ಸೋಪು ಹಚ್ಚಿ ಒಗೆದು ಕಿಟಕಿಯ ಸರಳಿಗೆ ಹರವುತ್ತಿದ್ದರು. ಆಮೇಲೆ ಊಟ.

ಕುಂದಾಪುರದ ಕಡೆಯ ಹಳ್ಳಿಯಿಂದ 1956ರಲ್ಲಿ, ಹದಿಮೂರನೆಯ ವಯಸ್ಸಿಗೆ, ಅವರು ಮದರಾಸಿಗೆ ಬಂದದ್ದು. ತಿರುವಲ್ಲಿಕ್ಕೇಣಿಯ ಒಂದು ಹೋಟೆಲಿನಲ್ಲಿ ಮೊದಲು ಲೋಟ ತೊಳೆಯುವುದು, ಆಮೇಲೆ ಹಿಟ್ಟು ರುಬ್ಬುವುದು. ಬೆಳಗಿನ ಜಾವ ಮೂರಕ್ಕೆ ಎದ್ದು ರುಬ್ಬುಗುಂಡಿನ ಮುಂದೆ ಕೂತರೆ ಸೂರ್ಯ ಮೂಡುವ ಹೊತ್ತಿಗೆ ಭುಜ ಕಳಚಿ ಬೀಳುವ ಹಾಗಾಗುತ್ತಿತ್ತಂತೆ. ಮಲಗುವುದು ಗೋಣಿಚೀಲದ ಮೇಲೆ. 1962ರಲ್ಲಿ ಡ್ರೈವ್-ಇನ್ ಶುರುವಾಯಿತು. ಮರುವರ್ಷ ಅಪ್ಪಯ್ಯ ಅಲ್ಲಿಗೆ ಸೇರಿದರು.

ಅದನ್ನು ಕಟ್ಟಿದ ಕೆ. ಕೃಷ್ಣರಾಯರದೂ ಇದೇ ದಾರಿ. ಮೂಡುಬಿದಿರೆ ಹತ್ತಿರದ ಕಡಂದಲೆಯ ಬಡ ಮನೆಯವರು, ಮದರಾಸಿಗೆ ಬಂದು ಅಡುಗೆಮನೆಯ ಕೆಳಗಿನ ಕೆಲಸದಿಂದ ಮೇಲೆ ಬಂದವರು. 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರಿಗೆ ಸೇರಿದ್ದ ಬಂಗಲೆಯನ್ನು ಪಡೆದು ವುಡ್‌ಲ್ಯಾಂಡ್ಸ್ ತೆರೆದರು. 1952ರಲ್ಲಿ ಈಗಿನ ರಾಧಾಕೃಷ್ಣನ್ ಸಾಲೈಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಬಂತು. ಹತ್ತು ವರ್ಷದ ನಂತರ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ತೋಪಿನೊಳಗೆ ಡ್ರೈವ್-ಇನ್. ಅಪ್ಪಯ್ಯ ಮಾಲೀಕರ ಹಣವನ್ನು ಹೊಗಳಿದ್ದನ್ನು ನಾನು ಕೇಳಿಲ್ಲ. ಅವರು ಹೇಳುತ್ತಿದ್ದದ್ದು ಒಂದೇ ಮಾತು: "ರಾಯರಿಗೆ ಹಿಟ್ಟು ರುಬ್ಬಿ ಗೊತ್ತಿತ್ತು." ಇದರ ತೂಕ ನನಗೆ ತಿಳಿಯಲು ನನ್ನ ತಲೆಯೂ ಹಣ್ಣಾಗಬೇಕಾಯಿತು.

ಆ ಕಾಲವೆಲ್ಲ ಬಂಗಾರವಾಗಿತ್ತು ಎಂದು ನಾನು ಹೇಳಲಾರೆ. ಗೋಣಿಚೀಲದ ಮೇಲೆ ಮಲಗಿದ ಮಕ್ಕಳು ಶಾಲೆಯಲ್ಲಿರಬೇಕಾದವರು. ಆಗಿನ ಹೋಟೆಲುಗಳ ಅಡುಗೆಮನೆಗೆ ಎಲ್ಲ ಜಾತಿಯವರಿಗೂ ಪ್ರವೇಶವಿರಲಿಲ್ಲ. 1957ರಲ್ಲಿ ಪೆರಿಯಾರ್ ಅನುಯಾಯಿಗಳು ತಿರುವಲ್ಲಿಕ್ಕೇಣಿಯ ಮುರಳೀಸ್ ಕೆಫೆಯ ಮುಂದೆ, ಫಲಕದಿಂದ 'ಬ್ರಾಹ್ಮಣ' ಎಂಬ ಪದ ತೆಗೆಯಬೇಕೆಂದು ದಿನಗಟ್ಟಲೆ ಚಳವಳಿ ಮಾಡಿ ಜೈಲಿಗೆ ಹೋದರು. ಅಪ್ಪಯ್ಯ ಅದನ್ನು ಹುಡುಗನಾಗಿದ್ದಾಗ ಕಣ್ಣಾರೆ ಕಂಡವರು. "ಅವ್ರ್ ಕೇಳಿದ್ದ್ ಸರಿ ಇತ್ತ್" ಎನ್ನುತ್ತಿದ್ದರು. ಹೋಗಬೇಕಾದದ್ದು ಹೋಯಿತು, ಒಳ್ಳೆಯದೇ ಆಯಿತು. ನನಗೆ ಸಂಕಟವಾಗುವುದು ಅದರ ಜೊತೆಯಲ್ಲಿ ಹೋಗಬಾರದ್ದೊಂದು ಹೋಯಿತಲ್ಲ, ಅದಕ್ಕೆ.

ಬೆಂಗಳೂರು, ಮೈಸೂರು, ಧಾರವಾಡದ ಓದುಗರಲ್ಲಿ ಹಲವರು ಆ ತೋಪಿನಲ್ಲಿ ಕಾಫಿ ಕುಡಿದಿರಬಹುದು. ಅದಕ್ಕೆ ಕಾರಣ ಅಮೆರಿಕ. ಜೆಮಿನಿ ಸರ್ಕಲ್ಲಿನಲ್ಲಿರುವ ಅಮೆರಿಕನ್ ಕಾನ್ಸುಲೇಟಿಗೂ ಡ್ರೈವ್-ಇನ್‌ಗೂ ಕೆಲವೇ ನಿಮಿಷದ ನಡಿಗೆ. ಕರ್ನಾಟಕದವರು ವೀಸಾಕ್ಕೆ ಅಲ್ಲಿಗೇ ಬರಬೇಕಿತ್ತು. ಬೆಂಗಳೂರಿನಲ್ಲಿ ಕಾನ್ಸುಲೇಟ್ ಉದ್ಘಾಟನೆಯಾದದ್ದೇ 2025ರ ಜನವರಿಯಲ್ಲಿ. ಹಾಗಾಗಿ ರಾತ್ರಿಯ ಮೈಲಿನಲ್ಲಿ ಬಂದು ಸೆಂಟ್ರಲ್‌ನಲ್ಲಿಳಿದು, ಸ್ಟೇಷನ್ನಿನಲ್ಲೇ ಮುಖ ತೊಳೆದು, ಎದೆಗೆ ಫೈಲು ಅವಚಿಕೊಂಡು ಬರುತ್ತಿದ್ದ ಹುಡುಗ ಹುಡುಗಿಯರನ್ನು ಅಪ್ಪಯ್ಯ ದೂರದಿಂದಲೇ ಗುರುತಿಸುತ್ತಿದ್ದರು. "ಅಮೆರಿಕಾ ಮಕ್ಕಳು" ಎನ್ನುತ್ತಿದ್ದರು. ತಮಿಳಿನಲ್ಲಿ ತಡವರಿಸುವವರಿಗೆ ಕನ್ನಡದಲ್ಲಿ, "ಮೊದ್ಲ್ ಇಡ್ಲಿ ತಿನ್ನಿ, ಖಾಲಿ ಹೊಟ್ಟಿಗೆ ಹೋಪುದ್ ಬ್ಯಾಡ" ಎಂದರೆ ಆ ಮುಖಗಳು ಅರಳುತ್ತಿದ್ದವಂತೆ. ವೀಸಾ ಸಿಗದೆ ಮರಳಿ ಬಂದು ಅದೇ ಕುರ್ಚಿಯಲ್ಲಿ ಕೂತವರೂ ಇದ್ದರು. ಅವರನ್ನು ಏನೂ ಕೇಳಬಾರದು, ಕಾಫಿ ಮಾತ್ರ ಸ್ವಲ್ಪ ಹೆಚ್ಚೇ ಬಿಸಿ ಇರಬೇಕು ಎಂಬುದು ಅಪ್ಪಯ್ಯನ ನಿಯಮ.

1986ರಲ್ಲಿ ಅಂಥ ಒಬ್ಬ ಹುಡುಗ ಫೈಲನ್ನು ಟೇಬಲ್ಲಿನ ಮೇಲೇ ಬಿಟ್ಟು ಹೋದ. ಪಾಸ್‌ಪೋರ್ಟು, ಅಂಕಪಟ್ಟಿ, ಅಲ್ಲಿಯ ವಿಶ್ವವಿದ್ಯಾಲಯದ ಪತ್ರ, ಎಲ್ಲ ಅದರೊಳಗೆ. ಅಪ್ಪಯ್ಯ ಫೈಲು ಎತ್ತಿಕೊಂಡು, ಹೆಗಲ ಮೇಲಿನ ಟವೆಲ್ಲಿನ ಸಮೇತ ಕಾನ್ಸುಲೇಟಿನ ತನಕ ಓಡಿದರು. ಫುಟ್‌ಪಾತಿನ ಸಾಲಿನಲ್ಲಿ ಅವನನ್ನು ಹುಡುಕಿ ಕೈಗಿತ್ತು ಬಂದರು. ಅವನು ಕೊಡಲು ಬಂದ ನೋಟನ್ನು ಮುಟ್ಟಲಿಲ್ಲ. ಇದನ್ನು ಪ್ರಾಮಾಣಿಕತೆ ಎಂದು ಯಾರಾದರೂ ಹೊಗಳಬಹುದು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಸಂಜೆ ನಡೆದದ್ದು. ತಾನಿಲ್ಲದ ಆ ಅರ್ಧ ಗಂಟೆ ತನ್ನ ಟೇಬಲ್ಲುಗಳನ್ನು ನೋಡಿಕೊಂಡ ಜೊತೆಗಾರನಿಗೆ ಅಪ್ಪಯ್ಯ ಅಂದಿನ ತನ್ನ ಟಿಪ್ಸನ್ನು ಪೂರ್ತಿ ಕೊಟ್ಟರು. "ಓಡಿದ್ದ್ ನನ್ನ್ ಇಷ್ಟ, ಕೆಲ್ಸ ಹೆಚ್ಚಾದ್ದ್ ಅವನಿಗೆ" ಎಂದು ಅಮ್ಮನಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ನಾನಾಗ ಹೈಸ್ಕೂಲು.

ನಾನು ಓದಿ ಬ್ಯಾಂಕ್ ಸೇರಿದೆ. ಯಾವ ಬ್ಯಾಂಕು ಎಂಬುದು ಇಲ್ಲಿ ಬೇಡ. ಮೊದಲ ಹದಿನೈದು ವರ್ಷ ಕೌಂಟರಿನಲ್ಲಿ ಕೂತು, ಸಂಜೆ ಲೆಕ್ಕ ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಎಂಟರವರೆಗೆ ಹುಡುಕಿ ಮನೆಗೆ ಹೋದವರು ನಾವು. ಆ ಸುಸ್ತಿಗೆ ಒಂದು ರುಚಿಯಿತ್ತು. ಆಮೇಲೆ ಬಂದದ್ದು ಟಾರ್ಗೆಟ್. ಗಂಡನನ್ನು ಕಳೆದುಕೊಂಡ ವೃದ್ಧೆಯೊಬ್ಬರು ಪಿಎಫ್ ಹಣವನ್ನು ಠೇವಣಿ ಇಡಲು ಬಂದಾಗ, ಅವರಿಗೆ ಹತ್ತು ವರ್ಷದ ವಿಮಾ ಪಾಲಿಸಿ ಮಾರೆಂದು ನನ್ನ ಮೇಲಿನವರು ಕಣ್ಸನ್ನೆ ಮಾಡಿದರು. ನಾನು ಠೇವಣಿಯನ್ನೇ ಮಾಡಿಕೊಟ್ಟೆ. ಆ ತಿಂಗಳ ಪಟ್ಟಿಯಲ್ಲಿ ನನ್ನ ಹೆಸರು ಕೆಂಪು ಬಣ್ಣದಲ್ಲಿ ಬಂತು. ಪಟ್ಟಿ ಮಾಡಿದವರು ಒಂದು ದಿನವೂ ಕೌಂಟರಿನಲ್ಲಿ ಕೂತವರಲ್ಲ. ಅಂದು ಮನೆಗೆ ಬಂದು ಅಪ್ಪಯ್ಯನಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡದೆ ಕೂತಿದ್ದು, "ಅವ್ರಿಗೆ ರುಬ್ಬಿ ಗೊತ್ತಿಲ್ಲ" ಎಂದರು.

ಅದೇ ಮಾತು ನನಗೆ ಮತ್ತೆ ನೆನಪಾದದ್ದು 2025ರ ಫೆಬ್ರವರಿಯಲ್ಲಿ, ಅಮೆರಿಕದಿಂದ ನೆಂಟರ ಮಗಳೊಬ್ಬಳ ಫೋನು ಬಂದಾಗ. ಅವಳೂ ಒಂದು ಕಾಲದ ಅಮೆರಿಕಾ ಮಗು. 2000ದಲ್ಲಿ ಅಪ್ಪಯ್ಯನ ಕೈಯ ಇಡ್ಲಿ ತಿಂದೇ ವೀಸಾದ ಸಾಲಿಗೆ ಹೋದವಳು. ಅಲ್ಲಿಯ ಪೌರತ್ವ ಪಡೆದು ಹನ್ನೊಂದು ವರ್ಷದಿಂದ ಒಂದು ಸರ್ಕಾರಿ ಕಚೇರಿಯಲ್ಲಿ ಮಣ್ಣಿನ ಪರೀಕ್ಷೆಯ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದಳು. ಫೆಬ್ರವರಿ 22ರ ಶನಿವಾರ ಅಲ್ಲಿಯ ಕೇಂದ್ರ ಸರ್ಕಾರದ ನೌಕರರಿಗೆಲ್ಲ ಒಂದು ಇಮೇಲ್ ಹೋಯಿತು: ಕಳೆದ ವಾರ ಏನು ಸಾಧಿಸಿದಿರಿ, ಸುಮಾರು ಐದು ಅಂಶಗಳಲ್ಲಿ ಬರೆಯಿರಿ, ಸೋಮವಾರ ಮಧ್ಯರಾತ್ರಿಯೊಳಗೆ. ಉತ್ತರಿಸದಿದ್ದರೆ ರಾಜೀನಾಮೆ ಎಂದೇ ತಿಳಿಯಲಾಗುವುದು ಎಂದು ಅಲ್ಲಿಯ ಅಧ್ಯಕ್ಷರ ಆಗಿನ ಸಲಹೆಗಾರ ಇಲಾನ್ ಮಸ್ಕ್ ಸಾರಿದ್ದರು. ಕೆಲವು ಇಲಾಖೆಗಳು ತಮ್ಮವರಿಗೆ ಉತ್ತರಿಸಬೇಡಿ ಎಂದವು, ಕೆಲವು ಉತ್ತರಿಸಿ ಎಂದವು. ನಡುವೆ ಸಿಕ್ಕಿಕೊಂಡವರ ಪಾಡು ಯಾರಿಗೂ ಬೇಡ.

"ಮಾವ, ಹಳೆಯ ಕೋಷ್ಟಕವೊಂದರಲ್ಲಿ ತಪ್ಪಿತ್ತು. ಯಾರಿಗೂ ಗೊತ್ತಾಗುವ ಮೊದಲೇ ಮೂರು ದಿನ ಕೂತು ಸರಿ ಮಾಡಿದೆ. ಆಗದೇ ಹೋದ ಅನಾಹುತವನ್ನು ಯಾವ ಸಾಲಿನಲ್ಲಿ ಬರೆಯಲಿ?" ಎಂದು ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಬೀಳದ ಗೀರಿನ ಲೆಕ್ಕ ಎಲ್ಲಿದೆ? ಅಪ್ಪಯ್ಯನ ಬಟ್ಟೆಯ ತುಂಡನ್ನು ಅವಳಿಗೆ ನೆನಪಿಸಿದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ತನ್ನ ಕ್ಷೇತ್ರದ ಪ್ರತಿನಿಧಿಯ ಕಚೇರಿಗೆ ಅವಳು ನಾಲ್ಕು ಬಾರಿ ಫೋನು ಮಾಡಿದ್ದಳು. ಪ್ರತಿ ಬಾರಿಯೂ ಸಂದೇಶದ ಪೆಟ್ಟಿಗೆ ತುಂಬಿದೆ ಎಂಬ ಧ್ವನಿ. ಮತ ಹಾಕಿದವಳು, ತೆರಿಗೆ ಕಟ್ಟಿದವಳು, ಕೆಲಸವನ್ನು ಪ್ರೀತಿಸಿದವಳು. ಏಪ್ರಿಲ್‌ನಲ್ಲಿ ತಾನಾಗಿಯೇ ಕೆಲಸ ಬಿಟ್ಟಳು. ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕವೆಂಬ ಘೋಷಣೆ ಬಂದಾಗ ನನ್ನ ನೆರೆಮನೆಯ ಹುಡುಗ ಎರಡು ದಿನ ಊಟ ಬಿಟ್ಟ. ಚೆನ್ನಾಗಿ ಕೆಲಸ ಮಾಡಿದರೆ ಕೆಲಸ ನಮ್ಮನ್ನು ಕಾಯುತ್ತದೆ ಎಂಬ ನಂಬಿಕೆಯನ್ನು ಹೊತ್ತೇ ಎಷ್ಟೋ ತಲೆಮಾರು ಆ ಸಾಲಿನಲ್ಲಿ ನಿಂತಿತ್ತು. ಅದು ಇಲ್ಲಿಯೂ ಸವೆಯಿತು, ಅಲ್ಲಿಯೂ ಸವೆಯಿತು. ಎರಡೂ ಕಡೆ ಕಾರಣ ಒಂದೇ ಎಂದು ನನಗನಿಸುತ್ತದೆ: ಕೆಲಸವನ್ನು ಅಳೆಯುವವರಿಗೆ ಆ ಕೆಲಸ ಗೊತ್ತಿಲ್ಲ.

ಚೆನ್ನೈಯಲ್ಲಿ ಈಗ ಕರಾವಳಿಯ ಮಾಣಿಗಳು ಕಡಿಮೆ. ನಮ್ಮ ಕಡೆಯ ಮಕ್ಕಳು ಓದುತ್ತಾರೆ, ಬೆಂಗಳೂರಿಗೆ ಹೋಗುತ್ತಾರೆ, ಹೋಗಲಿ. ಕೆ. ಸೀತಾರಾಮ ರಾಯರು ಪೂನಮಲ್ಲಿ ಹೈರೋಡಿನಲ್ಲಿ ಕಟ್ಟಿದ್ದ ದಾಸಪ್ರಕಾಶ್ ಹೋಟೆಲೂ ಇಂದಿಲ್ಲ. ಮೊನ್ನೆ ಒಂದು ಹೋಟೆಲಿನಲ್ಲಿ ಬಂಗಾಳದ ಕಡೆಯ ಹುಡುಗನೊಬ್ಬ ಕಾಫಿ ತಂದ. ಲೋಟದ ತಳ ಒದ್ದೆಯಿದೆಯೆಂದು ತನ್ನ ಟವೆಲ್ಲಿನಿಂದ ಒರೆಸಿ ಇಟ್ಟ. ನನ್ನ ಕಣ್ಣು ತುಂಬಿತು. ಹೆಸರು ಕೇಳಿದೆ, ಹೇಳಿದ. ಆದರೆ ಟೇಬಲ್ಲಿನ ಮೇಲಿದ್ದ ಚೀಟಿಯಲ್ಲಿ ನಾನು ನಕ್ಷತ್ರ ಕೊಡಬೇಕಿದ್ದದ್ದು 'ವೇಗ', 'ನಗು' ಇವಕ್ಕೆ ಮಾತ್ರ. ಒರೆಸಿದ ಲೋಟಕ್ಕೆ ಅಲ್ಲಿ ಜಾಗವಿರಲಿಲ್ಲ.

ಡ್ರೈವ್-ಇನ್ ಇದ್ದ ನೆಲವನ್ನು ಸರ್ಕಾರ ಹಿಂದಕ್ಕೆ ಪಡೆಯಿತು. 2008ರಲ್ಲಿ ಅದು ಮುಚ್ಚಿತು. ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿದ್ದೂ ಅದೇ ವರ್ಷ. 2010ರಲ್ಲಿ ಆ ತೋಪು ಸೆಮ್ಮೊಳಿ ಪೂಂಗಾ ಆಯಿತು, ಎಂದರೆ ಶಾಸ್ತ್ರೀಯ ಭಾಷೆಯ ಹೆಸರಿನ ಉದ್ಯಾನ. ಚೆಂದವಾಗಿಯೇ ಇದೆ, ಹಳೆಯ ಮರಗಳೂ ಇವೆ. ಕಾರು ನಿಲ್ಲುತ್ತಿದ್ದ ಕಡೆ ಈಗ ಹೂವಿನ ಪಾತಿ.

ಮುಚ್ಚುವ ದಿನ ಸಂಜೆ ಅಪ್ಪಯ್ಯನನ್ನು ಕರೆತರಲು ನಾನು ಹೋಗಿದ್ದೆ. ಅವರಿಗೆ 65. ಹಳೆಯ ಗಿರಾಕಿಗಳು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಕೆಲವರು ಅಳುತ್ತಿದ್ದರು. ಅಪ್ಪಯ್ಯ ಅಲ್ಲಿರಲಿಲ್ಲ. ಹಿಂದಿನ ನಲ್ಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ತಮ್ಮ ಪಾಲಿನ ಟ್ರೇಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ನಾಳೆ ಅವುಗಳಲ್ಲಿ ಯಾರೂ ತಿನ್ನುವವರಿರಲಿಲ್ಲ. ಒಂದೊಂದರ ಕೊಕ್ಕೆಯನ್ನೂ ಬಟ್ಟೆಯಿಂದ ಒರೆಸಿ, ಎಣಿಸಿ, ಸ್ಟೋರಿನವರಿಗೆ ಒಪ್ಪಿಸಿದರು. ಲೆಕ್ಕ ಸರಿಯಿತ್ತು.