ಅಂಬಾಸಿಡರ್, ಮಾರುತಿ ಮತ್ತು ಐದನೆಯವರು

ದೆಹಲಿಗೆ ಬಂದ ಹೊಸತರಲ್ಲಿ ನಮ್ಮಂಥ ಗುಮಾಸ್ತರಿಗೆ ಅಂಬಾಸಿಡರ್ ಅಂದರೆ ಎರಡೇ ಅರ್ಥ. ಬಿಳಿಯದಾದರೆ ದೊಡ್ಡ ಸಾಹೇಬರದ್ದು, ದಾರಿ ಬಿಡಬೇಕು. ಕಪ್ಪು-ಹಳದಿ ಟ್ಯಾಕ್ಸಿಯೊಂದು ನಮ್ಮ ಕ್ವಾರ್ಟರ್ಸ್ ಮುಂದೆ ನಿಂತಿತೋ, ಯಾರದೋ ಮನೆಗೆ ಊರಿನಿಂದ ನೆಂಟರು ಬಂದರು ಅಂತಲೇ ಲೆಕ್ಕ.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ 1950ರ ದಶಕದ ಕೊನೆಯಿಂದ ಕೋಲ್ಕತ್ತದ ಹತ್ತಿರದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಗಾಡಿ ಅದು. ದುಂಡನೆಯ ಮೈ, ಸೋಫಾದಂಥ ಸೀಟು. ಕರ್ನಾಟಕ ಎಕ್ಸ್‌ಪ್ರೆಸ್ಸಿನಿಂದ ಇಳಿದ ಅಪ್ಪ, ಅಮ್ಮ, ಚಿಕ್ಕಪ್ಪನ ಸಂಸಾರ, ಅಕ್ಕಿ ಚೀಲ, ಉಪ್ಪಿನಕಾಯಿ ಜಾಡಿ ಎಲ್ಲವೂ ಒಂದೇ ಸಲಕ್ಕೆ ಒಳಗೆ ಹೋಗುತ್ತಿದ್ದವು. ಡಿಕ್ಕಿ ಮುಚ್ಚದಿದ್ದರೆ ಸರ್ದಾರ್ಜಿ ಹಗ್ಗ ಬಿಗಿಯುತ್ತಿದ್ದ.

ಮಾರುತಿ 800 ಬೇರೆ ಕಾಲದ ಕೂಸು. 1983ರ ಡಿಸೆಂಬರ್ 14ರಂದು ಮೊದಲ ಕಾರಿನ ಕೀಲಿಯನ್ನು ಇಂದಿರಾ ಗಾಂಧಿ ದೆಹಲಿಯ ಗ್ರಾಹಕರೊಬ್ಬರ ಕೈಗಿತ್ತರು. ಜಪಾನಿನ ಸುಜುಕಿ ಜೊತೆಗೂಡಿ ಗುರಗಾಂವ್‌ನಲ್ಲಿ ಮಾಡಿದ್ದು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಅಂಬಾಸಿಡರಿಗಿಂತ ಒಂದು ಮೀಟರಿನಷ್ಟು ಗಿಡ್ಡ. 1996ರಲ್ಲಿ ಪಿ.ಎಫ್. ಸಾಲ ತೆಗೆದು ನಾನೂ ಒಂದು ಸೆಕೆಂಡ್ ಹ್ಯಾಂಡ್ ಮಾರುತಿ ಕೊಂಡೆ. ಆ ವರ್ಷ ದೆಹಲಿ ಕರ್ನಾಟಕ ಸಂಘದಲ್ಲಿ ನಾಟಕವನ್ನು ಕೊನೆಯ ದೃಶ್ಯದವರೆಗೂ ಕೂತು ನೋಡಿದೆವು. ಅಲ್ಲಿಯವರೆಗೆ ಕೊನೆಯ ಬಸ್ಸಿನ ಚಿಂತೆಯಲ್ಲಿ ಎಷ್ಟು ನಾಟಕಗಳಿಂದ ನಡುವೆಯೇ ಎದ್ದು ಬಂದಿದ್ದೆವೋ! ಈ ಊರಿನಲ್ಲಿ ನಮಗೂ ಒಂದು ಜಾಗ ಇದೆ ಅನ್ನಿಸಿದ್ದು ಆ ರಾತ್ರಿ.

ಮುಂದಿನ ಸಲ ಬಂದ ಅಪ್ಪ, ಮಂಡಿನೋವಿನವರು, ಮಾರುತಿಯ ಬಾಗಿಲು ಹಿಡಿದು ನಿಧಾನವಾಗಿ ಕೂತರು. “ಚೆನ್ನಾಗಿದೆ ಕಣೋ, ನಾಲ್ಕು ಜನಕ್ಕೆ ಧಾರಾಳ ಸಾಕು” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಐದನೆಯವರು ಬಂದ್ರೆ?” ಅಂತ ಕೇಳಿದರು. ನಾವು ಮನೆಯಲ್ಲೇ ನಾಲ್ವರು.

ಕಾರೊಂದೇ ಕಾರಣವಲ್ಲ ನಿಜ. ಆದರೂ ಬರಬರುತ್ತ ಊರಿನವರು “ನಿಮಗ್ಯಾಕೆ ಸುಮ್ನೆ ತೊಂದ್ರೆ” ಅಂತ ಲಾಡ್ಜಿನಲ್ಲಿ ಉಳಿಯತೊಡಗಿದರು. ಒಂದು ಹೊತ್ತು ಊಟಕ್ಕೆ ಬಂದು ಹೋಗುತ್ತಿದ್ದರು. ನಾವೂ ಮೊದಲಿನಷ್ಟು ಒತ್ತಾಯ ಮಾಡುತ್ತಿರಲಿಲ್ಲ.

ಎರಡೂ ಕಾರುಗಳ ತಯಾರಿಕೆ 2014ರಲ್ಲೇ ನಿಂತಿತು. ಮಾರುತಿಯದು ಜನವರಿಯಲ್ಲಿ, ಅಂಬಾಸಿಡರಿನದು ಮೇ ತಿಂಗಳಲ್ಲಿ. ಯಾವುದು ಒಳ್ಳೆಯ ಕಾರು ಅಂತ ಮಕ್ಕಳು ಕೇಳಿದರೆ ಮಾರುತಿಯೇ ಅನ್ನುತ್ತೇನೆ. ಸ್ವಂತದ್ದು, ಪೆಟ್ರೋಲೂ ಕಡಿಮೆ ಕುಡಿಯುತ್ತಿತ್ತು. ಆದರೆ ಸ್ಟೇಷನ್ನಿನಿಂದ ಮನೆ ತಲುಪುವಷ್ಟರಲ್ಲಿ ಊರಿನ ಸುದ್ದಿಯೆಲ್ಲ ಕೇಳಿ ಮುಗಿಯುತ್ತಿದ್ದದ್ದು ಆ ಟ್ಯಾಕ್ಸಿಯಲ್ಲೇ, ಒಬ್ಬರ ತೊಡೆಯ ಮೇಲೊಬ್ಬರು ಕೂತು.