ಕೈ ಎತ್ತಿದವರು, ಎತ್ತದವರು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಶಾಲೆಗಳಲ್ಲಿ ಪಾಠ ಹೇಳುತ್ತ ನಾನು ಎಷ್ಟು ಚರ್ಚಾಸ್ಪರ್ಧೆಗಳಿಗೆ ನಿರ್ಣಾಯಕನಾಗಿ ಕುಳಿತಿದ್ದೇನೋ ಲೆಕ್ಕವಿಲ್ಲ. ಆದರೆ ಒಮ್ಮೆ, ಯಾರೂ ಕರೆಯದಿದ್ದರೂ ಒಂದು ಸ್ಪರ್ಧೆಗೆ ಅಂಕ ಹಾಕಿದ್ದುಂಟು. ಅದು ಅಮೆರಿಕದ ಅಧ್ಯಕ್ಷ ಪದವಿಯ ಆಕಾಂಕ್ಷಿಗಳ ಚರ್ಚೆ. ಅಂದು ಹಾಕಿದ ಅಂಕಗಳಿಗಿಂತ, ಬಹಳ ಹಿಂದೆ ಹಾಕದೆ ಬಿಟ್ಟ ಅಂಕಗಳು ಕಾಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

2023ರ ಮೇ 10ರಂದು ಬಾಗೇವಾಡಿಯಲ್ಲಿ ವಿಧಾನಸಭೆಗೆ ಮತ ಹಾಕಿ, ಬೆರಳಿನ ಶಾಯಿ ಮಾಸುವ ಮೊದಲೇ ಟೆಕ್ಸಾಸಿನ ಡಲ್ಲಾಸ್ ಸಮೀಪದ ಮಗಳ ಮನೆಗೆ ಹೋಗಿದ್ದೆ. ಆಗಸ್ಟ್ 23ರ ಬೆಳಿಗ್ಗೆ ಏಳೂವರೆ ದಾಟಿದಾಗ ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದೆವು. ಮಗಳ ಕಣ್ಣು ತುಂಬಿ ಬಂದಿತ್ತು. ಅದೇ ರಾತ್ರಿ ಎಂಟಕ್ಕೆ ಆಕೆ ಅದೇ ಟಿವಿಯ ಮುಂದೆ, ಈ ಬಾರಿ ಅಮೆರಿಕದ ಮತದಾರಳಾಗಿ, ಗಂಭೀರಳಾಗಿ ಕುಳಿತಳು. ಹಿಂದಿನ ವರ್ಷವಷ್ಟೇ ಅವಳು ಅಲ್ಲಿನ ಪೌರತ್ವ ಪಡೆದಿದ್ದಳು. ನಮ್ಮ ದೇಶ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಇಲ್ಲಿನ ಮತದಾರರ ಪಟ್ಟಿಯಿಂದ ಅವಳ ಹೆಸರು ತೆಗೆಸಬೇಕಾಯಿತು. ನಮೂನೆ 7ರ ಅರ್ಜಿಯನ್ನು ತುಂಬಿ ಕೊಟ್ಟವನು ನಾನೇ. ಮದುವೆ ಮಾಡಿ ಕಳಿಸಿದಾಗಲೂ ಆಗದಿದ್ದ ಸಂಕಟ ಅಂದು ಆಗಿತ್ತು.

ನಮ್ಮಲ್ಲಿ ಟಿಕೆಟ್ ಯಾರಿಗೆ ಎಂಬುದು ಬೆಂಗಳೂರು, ದೆಹಲಿಗಳಲ್ಲಿ ತೀರ್ಮಾನವಾಗುತ್ತದೆ; ಬಿ ಫಾರಂ ಯಾರ ಕೈಸೇರಿತೆಂದು ನಾವು ಟಿವಿಯಲ್ಲಿ ನೋಡಿ ತಿಳಿಯುತ್ತೇವೆ. ಅಲ್ಲಿ ಹಾಗಲ್ಲ. ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದಕ್ಕೂ ರಾಜ್ಯ ರಾಜ್ಯಗಳಲ್ಲಿ ಮತದಾನ ನಡೆಯುತ್ತದೆ. ಟೆಕ್ಸಾಸಿನಲ್ಲಂತೂ ಪಕ್ಷದ ಸದಸ್ಯತ್ವವೂ ಬೇಕಿಲ್ಲ. ಮತಗಟ್ಟೆಗೆ ಹೋಗಿ, ಎರಡರಲ್ಲಿ ಯಾವುದಾದರೂ ಒಂದು ಪಕ್ಷದ ಮತಪತ್ರವನ್ನು ಕೇಳಿ ಪಡೆದರಾಯಿತು.

ಅಂದಿನದು ರಿಪಬ್ಲಿಕನ್ ಪಕ್ಷದ ಮೊದಲ ಚರ್ಚೆ, ಮಿಲ್ವಾಕಿ ನಗರದಲ್ಲಿ. ವೇದಿಕೆಯ ಮೇಲೆ ಎಂಟು ಮಂದಿ. ಅವರಲ್ಲಿ ನಿಕ್ಕಿ ಹೇಲಿ ಮತ್ತು ವಿವೇಕ್ ರಾಮಸ್ವಾಮಿ ಇಬ್ಬರ ತಂದೆತಾಯಂದಿರೂ ಭಾರತದಿಂದ ಹೋದವರು. ಎಲ್ಲರಿಗಿಂತ ಮುಂದಿದ್ದ ಡೊನಾಲ್ಡ್ ಟ್ರಂಪ್ ಮಾತ್ರ ಬರಲೇ ಇಲ್ಲ.

ನಾನು ಹಳೆಯ ಚಾಳಿಯಂತೆ ಮೊಮ್ಮಗಳ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ಗೆರೆ ಎಳೆದೆ: ವಿಷಯ, ಭಾಷೆ, ಧಾಟಿ, ಸಮಯಪಾಲನೆ, ತಲಾ ಹತ್ತು ಅಂಕ. ಅಷ್ಟರಲ್ಲಿ ಚರ್ಚೆ ನಡೆಸುವವರು, ಹವಾಮಾನ ಬದಲಾವಣೆಗೆ ಮನುಷ್ಯನೇ ಕಾರಣವೆಂದು ನಂಬುವವರು ಕೈ ಎತ್ತಿರಿ ಎಂದರು. ಫ್ಲಾರಿಡಾದ ಗವರ್ನರ್ ರಾನ್ ಡಿಸ್ಯಾಂಟಿಸ್ ಅವರಿಗೆ ಅದು ಸರಿಬೀಳಲಿಲ್ಲ. ನಾವೇನು ಶಾಲೆಯ ಮಕ್ಕಳಲ್ಲ, ಚರ್ಚೆ ಮಾಡೋಣ ಎಂದುಬಿಟ್ಟರು. ನನಗೆ ನಗು ಬಂತು. ಕೈ ಎತ್ತುವುದು ಸಣ್ಣ ಕೆಲಸವೇನಲ್ಲವೆಂದು ಶಾಲೆಯಲ್ಲಿ ಆಯುಷ್ಯ ಕಳೆದ ನನಗೆ ಗೊತ್ತು. ಕೆಲವೇ ಹೊತ್ತಿನಲ್ಲಿ ಮತ್ತೊಂದು ಪ್ರಶ್ನೆ ಬಂತು: ಟ್ರಂಪ್ ಅವರಿಗೆ ನ್ಯಾಯಾಲಯದಲ್ಲಿ ಶಿಕ್ಷೆಯಾದರೂ, ಪಕ್ಷ ಅವರನ್ನೇ ಆರಿಸಿದರೆ ಬೆಂಬಲಿಸುವವರು ಯಾರು? ಎಂಟರಲ್ಲಿ ಆರು ಕೈಗಳು ಮೇಲೆದ್ದವು. ಎಲ್ಲವೂ ಒಮ್ಮೆಲೇ ಏಳಲಿಲ್ಲ. ಅಕ್ಕಪಕ್ಕ ನೋಡಿ ಕೈ ಎತ್ತುವ ಹುಡುಗರನ್ನು ನಾನು ಹಿಂದಿನ ಬೆಂಚಿನವರೆಗೂ ಗುರುತಿಸಬಲ್ಲೆ.

ಉಕ್ರೇನಿನ ವಿಷಯ ಬಂದಾಗ ಹೇಲಿ, ರಾಮಸ್ವಾಮಿ ಅವರಿಗೆ ವಿದೇಶಾಂಗ ವ್ಯವಹಾರದ ಅನುಭವವಿಲ್ಲವೆಂದು ಮುಖಕ್ಕೆ ಹೊಡೆದಂತೆ ಹೇಳಿದರು. ನನ್ನ ಹಾಳೆಯಲ್ಲಿ ರಾಮಸ್ವಾಮಿಯವರಿಗೆ ಧಾಟಿಯಲ್ಲಿ ಒಂಬತ್ತು, ವಿಷಯದಲ್ಲಿ ಐದು. ಒಟ್ಟಿನಲ್ಲಿ ಹೇಲಿಯೇ ಮುಂದು.

ಮಗಳು ಹಾಳೆಯನ್ನು ಇಣುಕಿ ನೋಡಿ, "ಅಪ್ಪಾಜಿ, ಮುದ್ದೇಬಿಹಾಳದಾಗ ಹಿಂಗ ಖರೇ ಮಾರ್ಕ್ಸ್ ಹಾಕಿದ್ರಿ ಏನು?" ಎಂದಳು.

ತೊಂಬತ್ತರ ದಶಕದ ಮಾತು. ವಿಷಯ, ಆಲಮಟ್ಟಿ ಅಣೆಕಟ್ಟು ನಾಡಿಗೆ ವರವೇ ಎಂಬುದು. ಒಬ್ಬ ಹುಡುಗ ನೀರಾವರಿಯ ಅಂಕಿಅಂಶಗಳನ್ನು ಗಟ್ಟಿ ದನಿಯಲ್ಲಿ ಒಪ್ಪಿಸಿದ. ಎಂಟನೆಯ ತರಗತಿಯಲ್ಲಿದ್ದ ನನ್ನ ಮಗಳು ಮೆಲ್ಲನೆಯ ದನಿಯಲ್ಲಿ, ಮುಳುಗುವ ಊರಿನ ಶಾಲೆಯ ಗಂಟೆಯನ್ನು ಯಾವ ಊರಿನಲ್ಲಿ ಬಾರಿಸುತ್ತೀರಿ ಎಂದು ಕೇಳಿದಳು. ಸಭೆ ಸ್ತಬ್ಧವಾಗಿತ್ತು. ಮೊದಲ ಬಹುಮಾನ ಅವಳದೇ ಎಂದು ನನಗೆ ತಿಳಿದಿತ್ತು. ಆದರೂ ಮಾಸ್ತರರು ಮಗಳಿಗೇ ಕೊಟ್ಟರೆಂಬ ಮಾತು ಬಂದೀತೆಂದು ಹೆದರಿ ಹುಡುಗನ ಹೆಸರು ಬರೆದೆ. ಅದನ್ನು ನಿಷ್ಪಕ್ಷಪಾತವೆಂದು ನನಗೆ ನಾನೇ ಹೇಳಿಕೊಂಡೆ. ಈಗ ಅನಿಸುತ್ತದೆ, ನಾನೂ ಅಂದು ಅಕ್ಕಪಕ್ಕ ನೋಡಿಯೇ ಕೈ ಎತ್ತಿದ್ದೆ. ಪ್ರಶ್ನೆಗೆ ಉತ್ತರಿಸದೆ, ಹಾಳೆಯ ಕೆಳಗೆ ಒಂಬತ್ತನೆಯ ಸಾಲಿನಲ್ಲಿ ಅವಳ ಹೆಸರು ಬರೆದು ಅಂಕ ಹಾಕಿ ಕೈಗಿತ್ತೆ. ಅವಳು ಏನೂ ಅನ್ನಲಿಲ್ಲ. ಆ ಹಾಳೆಯನ್ನು ಇಟ್ಟುಕೊಂಡಳೋ, ಕಸಕ್ಕೆ ಹಾಕಿದಳೋ ನಾನು ಕೇಳಿಲ್ಲ.

ಮುಂದಿನದು ನಿಮಗೆ ಗೊತ್ತಿದೆ. ಪಕ್ಷದ ಒಂದು ಚರ್ಚೆಗೂ ಬಾರದ ಟ್ರಂಪ್ ಅವರೇ ಅಭ್ಯರ್ಥಿಯಾಗಿ, 2024ರ ನವೆಂಬರಿನಲ್ಲಿ ಗೆದ್ದರು. ಪರೀಕ್ಷೆಗೇ ಕೂಡದ ಹುಡುಗ ಪ್ರಥಮ ಶ್ರೇಣಿಯಲ್ಲಿ ಪಾಸಾದಂತೆ! ಹಾಗಾದರೆ ಚರ್ಚೆಯಿಂದ ಬಂದ ಭಾಗ್ಯವೇನು ಎಂದು ನೀವು ಕೇಳಬಹುದು. ಬಹುಮಾನ ಯಾರಿಗೆ ಹೋಯಿತೆಂಬುದೇ ಎಲ್ಲವೂ ಆಗಿದ್ದರೆ ಏನೂ ಇಲ್ಲ. ಆದರೆ ಆ ಎಂಟು ಮಂದಿಯಲ್ಲಿ ಯಾರು ಕೈ ಎತ್ತಿದರು, ಯಾರು ಎತ್ತಲಿಲ್ಲವೆಂಬುದನ್ನು ಮತದಾರರು ಕಣ್ಣಾರೆ ಕಂಡರು. 2024ರ ಮೇ 7ರಂದು ಲೋಕಸಭೆಗೆ ಮತ ಹಾಕಲು ಹೋದಾಗ, ನಮ್ಮ ಅಭ್ಯರ್ಥಿಗಳನ್ನು ಒಂದೇ ವೇದಿಕೆಯ ಮೇಲೆ ನಿಂತು ಉತ್ತರಿಸುವುದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಕಂಡದ್ದು ಕೈಮುಗಿದ ಚಿತ್ರಗಳು, ಕೇಳಿದ್ದು ಧ್ವನಿವರ್ಧಕ. ಕಲ್ಯಾಣದ ಅನುಭವ ಮಂಟಪದಲ್ಲಿ ಎಲ್ಲರಿಗೂ ಪ್ರಶ್ನಿಸುವ ಹಕ್ಕು ಕೊಟ್ಟ ಬಸವಣ್ಣನವರು ಹುಟ್ಟಿದ ಊರಿನವರು ನಾವು! ನನ್ನ ಅಂಕದ ಹಾಳೆ ಖಾಲಿಯೇ ಉಳಿಯಿತು.

ಆ ವರ್ಷದ ಮಾರ್ಚ್ 5ರಂದು ಟೆಕ್ಸಾಸಿನಲ್ಲಿ ಪ್ರಾಥಮಿಕ ಮತದಾನ ನಡೆಯಿತು. ಯಾವ ಪಕ್ಷದ ಮತಪತ್ರ ತೆಗೆದುಕೊಂಡೆ, ಯಾರಿಗೆ ಹಾಕಿದೆ ಎಂದು ಫೋನಿನಲ್ಲಿ ಕೇಳಿದೆ. "ಮತ ಗುಪ್ತ ಇರಬೇಕಂತ ನೀವ ಕಲಿಸೀರಲ್ರಿ ಅಪ್ಪಾಜಿ," ಎಂದು ನಕ್ಕಳು.

ಅಂದು ಬಹುಮಾನ ಪಡೆದ ಆ ಹುಡುಗ ಇದನ್ನು ಓದುತ್ತಿದ್ದರೆ ಬೇಸರ ಮಾಡಿಕೊಳ್ಳಬಾರದು. ತಪ್ಪು ನಿನ್ನದಲ್ಲಪ್ಪಾ, ನಿರ್ಣಾಯಕನದು.