ಹಳೇ ಗಾಡಿ ಡೈರಿ – 9: ಸೆಲ್ಫ್ ಹೊಡಿಯತ್ತೆ, ಸ್ಟಾರ್ಟ್ ಆಗಲ್ಲ

(1/4)

"ಗಾಡಿ ಸ್ಟಾರ್ಟ್ ಆಗ್ತಿಲ್ಲ, ಬ್ಯಾಟ್ರಿ ಹೋಗಿರ್ಬೇಕು." ನಮ್ ಕಡೆ ಈ ಮಾತು ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಸೆಲ್ಫ್ ಹೊಡೆದ್ರೆ ಇಂಜಿನ್ ಜೋರಾಗೇ ತಿರುಗ್ತಾ ಇರತ್ತೆ, ಆದ್ರೂ ಬೈಗುಳ ಮಾತ್ರ ಬ್ಯಾಟ್ರಿಗೆ. ಇವತ್ತು ಅದರ ಬಗ್ಗೆನೇ ಬರೀತಿದೀನಿ. ಉದ್ದ ಇದೆ, ಸೇವ್ ಮಾಡಿಟ್ಕೊಳ್ಳಿ.

ಹೊಸದಾಗಿ ಫಾಲೋ ಮಾಡಿದೋರಿಗೆ: ನಾನು ಶಿವಮೊಗ್ಗದಲ್ಲಿ ಆಟೋಮೊಬೈಲ್ ಡಿಪ್ಲೊಮಾ ಓದ್ತಿದೀನಿ, ಮನೆ ತೀರ್ಥಹಳ್ಳಿ ಕಡೆ. ಈ ಸರಣಿಯ ನಾಯಕಿ ನಮ್ಮನೆ ಬಿಳಿ ಮಾರುತಿ 800. 1997ರ ಗಾಡಿ, ಕಾರ್ಬುರೇಟರ್ ಇರೋದು. 796 ಸಿಸಿ, ಮೂರೇ ಸಿಲಿಂಡರ್. 1983ರಲ್ಲಿ ಶುರುವಾದ ಈ ಮಾಡೆಲ್ ತಯಾರಿಕೆ 2014ರ ಜನವರಿಗೆ ನಿಂತೋಯ್ತು. ಆದ್ರೂ ನಮ್ಮೂರ ಕಡೆ ರಸ್ತೆಗಳಲ್ಲಿ ಇನ್ನೂ ಕಾಣ್ಸತ್ತೆ.

ಹೋದ ಜುಲೈ, ಮಳೆ ಬಿಡದೆ ಹೊಯ್ತಿತ್ತು. ಗಾಡಿ ಮೂರು ದಿನ ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ ನಿಂತಿತ್ತು. ನಾಲ್ಕನೇ ದಿನ ಸೆಲ್ಫ್ ಹೊಡೀತು, ಸ್ಟಾರ್ಟ್ ಆಗ್ಲಿಲ್ಲ. ಅಪ್ಪಯ್ಯ ಫೋನಲ್ಲಿ ಗೊತ್ತಿದ್ದೋರನ್ನ ಕೇಳಿದ್ರು. ಒಬ್ರು, "ಕಾರ್ಬುರೇಟರ್ ಹೋಗಿದೆ, ಹೊಸದು ಹಾಕ್ಬೇಕು, ಎಂಟು ಸಾವಿರ" ಅಂದ್ರು. ಇನ್ನೊಬ್ರು ಕಾಯಿಲ್ ಅಂದ್ರು. ಮೂರನೇಯವರು ಗುಜರಿಯೋರು. "18,000 ಕೊಡ್ತೀನಿ, ಭಾನುವಾರ ಬಂದು ಎಳ್ಕೊಂಡು ಹೋಗ್ತೀನಿ" ಅಂದ್ರು.

ಅಪ್ಪಯ್ಯನ ಹತ್ರ ಬೈಕ್ ಇದೆ. ಗಾಡಿ ಹೋದ್ರೆ ಅವ್ರಿಗೆ ಅಂಥಾ ನಷ್ಟ ಎಂತ ಇಲ್ಲ. ನಷ್ಟ ಅಮ್ಮಂಗೆ. ಅಮ್ಮ ಡ್ರೈವಿಂಗ್ ಕಲ್ತಿದ್ದು 41ನೇ ವಯಸ್ಸಲ್ಲಿ, ಇದೇ ಗಾಡೀಲಿ. ನಮ್ಮೂರಿಗೆ ಬಸ್ಸು ದಿನಕ್ಕೆ ಎರಡೇ ಸಲ. ಅಜ್ಜಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗೋಕೆ, ಸಂಘದ ಮೀಟಿಂಗಿಗೆ, ತವರುಮನೆಗೆ... ಯಾರನ್ನೂ ಕಾಯದೆ, ಯಾರನ್ನೂ ಕೇಳದೆ ಹೋಗಿ ಬರೋಕೆ ಅಮ್ಮಂಗೆ ಇರೋದು ಇದೊಂದೇ.

ಅಮ್ಮ ಯಾರ ಹತ್ರಾನೂ ಏನೂ ಹೇಳ್ಲಿಲ್ಲ. ಶುಕ್ರವಾರ ರಾತ್ರಿ ನಾನು ಹಾಸ್ಟೆಲಿಂದ ಬಂದಾಗ ಊಟ ಬಡಿಸ್ತಾ ಕೇಳಿದ್ದು ಇಷ್ಟೇ: "ನಾಳೆ ಒಂದ್ಸಲ ನೋಡ್ತೀಯನೇ?"

(2/4)

ಪೆಟ್ರೋಲ್ ಇಂಜಿನ್ ಸ್ಟಾರ್ಟ್ ಆಗೋಕೆ ಬೇಕಾಗಿದ್ದು ಮೂರು: ಪೆಟ್ರೋಲು-ಗಾಳಿ ಮಿಶ್ರಣ, ಅದನ್ನ ಒತ್ತೋ ಕಂಪ್ರೆಷನ್, ಸರಿಯಾದ ಹೊತ್ತಿಗೆ ಕಿಡಿ. ಗ್ಯಾರೇಜಲ್ಲಿ ಕಿಡಿಗೆ "ಕರೆಂಟ್" ಅಂತಾರೆ. ಈ ಮೂರರಲ್ಲಿ ಯಾವುದಿಲ್ಲ ಅಂತ ಗೊತ್ತಾಗೋ ತನಕ ಒಂದು ಪಾರ್ಟನ್ನೂ ಕೊಳ್ಳಬಾರದು. ಎಂಟು ಸಾವಿರದ ಕಾರ್ಬುರೇಟರ್ ಅಂದೋರು ಬಾನೆಟ್ ಎತ್ತಿ ನೋಡಿರಲೇ ಇಲ್ಲ.

ಶನಿವಾರ ಬೆಳಿಗ್ಗೆ ಅಮ್ಮ ಸೀಟಲ್ಲಿ, ಕೀ ಅವ್ರ ಕೈಲಿ. ಗಾಡಿ ನ್ಯೂಟ್ರಲ್ಲಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು. ನಾನು ಬಾನೆಟ್ ಹತ್ರ. ಅಪ್ಪಯ್ಯ ಜಗಲೀಲಿ ಕೂತು ಕಾಫಿ ಕುಡೀತಾ ನೋಡ್ತಿದ್ರು.

ಮೊದಲು ಕಿವಿ. ಕೀ ತಿರುಗಿಸಿದಾಗ ಬರೀ "ಟಕ್" ಅಂದ್ರೆ, ಅಥವಾ ಏದುಸಿರು ಬಿಟ್ಟಂಗೆ ನಿಧಾನ ತಿರುಗಿದ್ರೆ ಬ್ಯಾಟ್ರಿ, ಟರ್ಮಿನಲ್, ಸ್ಟಾರ್ಟರ್ ಮೋಟರ್ ನೋಡ್ಬೇಕು. ಯಾವತ್ತಿಗಿಂತ ಹಗುರಾಗಿ, ಒಂದೇ ಸಮ ಸುರ್ರ್ ಅಂತ ತಿರುಗಿದ್ರೆ ಟೈಮಿಂಗ್ ಬೆಲ್ಟ್ ಮೇಲೆ ಅನುಮಾನ. ನಮ್ದು ಯಾವಾಗಿನಂಗೆ, ತಾಳ ಹಾಕಿದಂಗೆ ತಿರುಗ್ತಿತ್ತು. ಅಂದ್ರೆ ಬ್ಯಾಟ್ರಿ ಸರಿ, ಸ್ಟಾರ್ಟರ್ ಸರಿ, ಕಂಪ್ರೆಷನ್ನೂ ಬಹುಶಃ ಸರಿ.

ಎರಡನೇದು ಪೆಟ್ರೋಲು. ಕಾರ್ಬುರೇಟರ್ ಮೇಲಿನ ಏರ್ ಫಿಲ್ಟರ್ ಭಾಗ ಬಿಚ್ಚಿ, ಇಂಜಿನ್ ಆಫ್ ಇದ್ದಾಗ್ಲೇ ಥ್ರಾಟಲ್ ಕೈಯಲ್ಲಿ ಎಳೆದೆ. ಒಳಗೆ ಸಣ್ಣ ಧಾರೆ ಚಿಮ್ಮಿತು. ಪೆಟ್ರೋಲ್ ಕಾರ್ಬುರೇಟರ್ ತನಕ ಬಂದಿದೆ. ಫಿಲ್ಟರ್ ವಾಪಸ್ ಹಾಕಿ, ಚೆಲ್ಲಿದ್ದು ಒರೆಸಿ, ಆಮೇಲೇ ಮುಂದಿನ ಕೆಲಸ. ಕಿಡಿ ಹಾರಿಸೋ ಜಾಗದಲ್ಲಿ ಪೆಟ್ರೋಲ್ ಬಿಟ್ಟು ಆಟ ಆಡಬಾರದು.

ಮೂರನೇದು ಕರೆಂಟ್. ಪ್ಲಗ್ ಬಿಚ್ಚಿದೆ. ಒದ್ದೆ, ಪೆಟ್ರೋಲ್ ವಾಸನೆ. ಒಳಗೆ ಹೋಗ್ತಿದೆ, ಉರೀತಿಲ್ಲ. ಪ್ಲಗ್ ಕೊಳವೆಗೆ ಬಟ್ಟೆ ಮುಚ್ಚಿ, ವೈರಿಗೆ ಒಂದು ಒಣ ಪ್ಲಗ್ ಸಿಕ್ಕಿಸಿ, ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರಲ್ಲಿ ಹಿಡಿದು, ಅದರ ಲೋಹದ ಭಾಗ ಇಂಜಿನ್ನಿಗೆ ತಾಗಿಸಿದೆ. ಬರಿಗೈಲಿ ಬೇಡ, ಅಲ್ಲಿ ಸಾವಿರಾರು ವೋಲ್ಟ್ ಇರತ್ತೆ.

"ಅಮ್ಮಾ, ಹೊಡಿ."

ಕಿಡಿ ಇಲ್ಲ. ಎರಡನೇ ವೈರಲ್ಲೂ ಇಲ್ಲ, ಮೂರನೇದ್ರಲ್ಲೂ ಇಲ್ಲ.

(3/4)

ಇಲ್ಲಿ ಸ್ವಲ್ಪ ನಿಂತು ಯೋಚ್ನೆ ಮಾಡಿ. ಒಂದರಲ್ಲಿ ಮಾತ್ರ ಕಿಡಿ ಇಲ್ಲ ಅಂದಿದ್ರೆ ಆ ಪ್ಲಗ್ಗೋ ವೈರೋ ಅನ್ನಬಹುದಿತ್ತು. ಮೂರರಲ್ಲೂ ಇಲ್ಲ ಅಂದ್ರೆ, ಮೂರಕ್ಕೂ ಸೇರಿದ ಒಂದು ಜಾಗದಲ್ಲಿ ತೊಂದ್ರೆ ಇದೆ.

ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್ ನಡುವಿಗೆ ಒಂದು ದಪ್ಪ ವೈರ್ ಬರತ್ತೆ. (ಡಿಸ್ಟ್ರಿಬ್ಯೂಟರಿಗೆ ನಮ್ ಗ್ಯಾರೇಜ್ ಅಣ್ಣಂದಿರು "ಡೆಲ್ಕೋ" ಅಂತಾರೆ.) ಆ ವೈರನ್ನ ಡೆಲ್ಕೋ ಕಡೆಯಿಂದ ಕಿತ್ತು, ತುದೀನ ಇಂಜಿನ್ ಲೋಹದ ಹತ್ರ, ಬೆರಳಿನ ಅರ್ಧ ಅಗಲದಷ್ಟು ದೂರ ಹಿಡಿದೆ. "ಹೊಡಿ" ಅಂದೆ. ಚಟ್ ಚಟ್ ಚಟ್, ನೀಲಿ ಕಿಡಿ! ಅಂದ್ರೆ ಕಾಯಿಲ್ ಸರಿ, ಅದಕ್ಕಿಂತ ಹಿಂದಿನದೂ ಸರಿ. ಕಾಯಿಲ್ ತನಕ ಇರೋ ಕರೆಂಟ್ ಪ್ಲಗ್ ತನಕ ಬರ್ತಿಲ್ಲ. ನಡುವೆ ಇರೋದು ಡೆಲ್ಕೋ ಕ್ಯಾಪು, ರೋಟರು.

ಕ್ಯಾಪ್ ತೆಗೆದು ಇನ್ನೊಂದ್ಸಲ ಸೆಲ್ಫ್ ಹೊಡೆಸಿದೆ. ರೋಟರ್ ತಿರುಗ್ತು. ಈ ಇಂಜಿನ್ನಲ್ಲಿ ಡೆಲ್ಕೋ ತಿರುಗೋದು ಕ್ಯಾಮ್‌ಶಾಫ್ಟಿಂದ, ಕ್ಯಾಮ್‌ಶಾಫ್ಟ್ ತಿರುಗೋದು ಟೈಮಿಂಗ್ ಬೆಲ್ಟಿಂದ. ಹಾಗಾಗಿ ಬೆಲ್ಟ್ ತುಂಡಾಗಿಲ್ಲ ಅಂತಾನೂ ಗೊತ್ತಾಯ್ತು. ಒಂದು ಪರೀಕ್ಷೆಗೆ ಎರಡು ಉತ್ತರ.

ಕ್ಯಾಪ್ ತಿರುವಿ ಟಾರ್ಚ್ ಬಿಟ್ಟೆ. ಒಳಗೆಲ್ಲ ಬೆವರಿದಂಗೆ ನೀರ ಹನಿ. ಜೊತೆಗೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ. ಇದಕ್ಕೆ ಕಾರ್ಬನ್ ಟ್ರ್ಯಾಕ್ ಅಂತಾರೆ. ಕರೆಂಟು ಯಾವಾಗ್ಲೂ ಸುಲಭದ ದಾರಿ ಹುಡುಕತ್ತೆ. ಪ್ಲಗ್ಗಿನ ಸಂದಿ ಹಾರೋಕಿಂತ ಈ ಒದ್ದೆ ಗೆರೆ ಮೇಲೆ ಹರಿಯೋದು ಅದಕ್ಕೆ ಸುಲಭ. ಮಲೆನಾಡ ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗತ್ತೆ, ಬಟ್ಟೆ ಒಣಗಲ್ಲ. ವಯಸ್ಸಾದ ಕ್ಯಾಪ್ ಒಂದೇ ಹೇಗೆ ಒಣಗಿರತ್ತೆ?

ಒಣ ಬಟ್ಟೇಲಿ ಒರೆಸಿ, ಬಚ್ಚಲೊಲೆಯಿಂದ ಸ್ವಲ್ಪ ದೂರ ಬೆಚ್ಚಗಿನ ಜಾಗದಲ್ಲಿ ಅರ್ಧ ಗಂಟೆ ಇಟ್ವಿ. ಪ್ಲಗ್ಗುಗಳನ್ನೂ ಒರೆಸಿ ಒಣಗಿಸಿದೆ. ಎಲ್ಲಾ ಜೋಡಿಸಿ, ಅಮ್ಮಂಗೆ ಆಕ್ಸಿಲೇಟರ್ ಪೂರ್ತಿ ಒತ್ತಿ ಹೊಡೀರಿ ಅಂದೆ. ಒಳಗೆ ಪೆಟ್ರೋಲ್ ಜಾಸ್ತಿಯಾಗಿದ್ರೆ ಹಾಗೆ ಮಾಡಿದಾಗ ಗಾಳಿ ಹೆಚ್ಚು ಹೋಗಿ ಬೇಗ ತಿಳಿಯಾಗತ್ತೆ. ಮೂರನೇ ಸಲಕ್ಕೆ ಕೆಮ್ಮಿ, ಹೊಗೆ ಬಿಟ್ಟು, ಹತ್ಕೊಂಡ್ತು.

ಒಣಗಿಸೋದು ತಾತ್ಕಾಲಿಕ. ಗೆರೆ ಬಿದ್ದ ಕ್ಯಾಪ್ ಮತ್ತೆ ಕೈ ಕೊಡತ್ತೆ. ಅದೇ ಗಾಡೀಲಿ ಅಮ್ಮನೇ ಪೇಟೆಗೆ ಓಡಿಸ್ಕೊಂಡು ಹೋಗಿ ಹೊಸ ಕ್ಯಾಪ್, ರೋಟರ್ ತಂದ್ರು. ಎರಡೂ ಸೇರಿ 420 ರೂಪಾಯಿ.

(4/4)

ನಿಮ್ಮನೆ ಗಾಡಿಗೂ ಹೀಗಾದ್ರೆ ನಾಲ್ಕು ಮಾತು ನೆನಪಿರ್ಲಿ.

ಒಂದೇ ಸಮ ಸೆಲ್ಫ್ ಹೊಡೀಬೇಡಿ. ಐದಾರು ಸೆಕೆಂಡ್ ಹೊಡೆದು, ಅರ್ಧ ನಿಮಿಷ ಬಿಡಿ. ಇಲ್ಲಾಂದ್ರೆ ಸ್ಟಾರ್ಟರ್ ಕಾಯತ್ತೆ, ಬ್ಯಾಟ್ರಿ ನಿಜಕ್ಕೂ ಹೋಗತ್ತೆ.

ಕರೆಂಟ್ ಇಲ್ಲದ ಗಾಡೀನ ಎಷ್ಟು ತಳ್ಳಿದ್ರೂ ಬೆವರು ಬರತ್ತೆ ಹೊರತು ಗಾಡಿ ಸ್ಟಾರ್ಟ್ ಆಗಲ್ಲ.

ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಹೊಡೆಯೋ "ಐಡಿಯಾ" ಯಾರಾದ್ರೂ ಕೊಟ್ರೆ ದೂರ ನಿಲ್ಲಿ. ಬೆಂಕಿ ವಾಪಸ್ ಚಿಮ್ಮಬಹುದು.

ಇಂಜೆಕ್ಷನ್ ಇರೋ ಗಾಡಿ ಆದ್ರೆ ಕೀ ಆನ್ ಮಾಡಿದ ತಕ್ಷಣ ಟ್ಯಾಂಕ್ ಕಡೆಯಿಂದ ಎರಡು ಸೆಕೆಂಡ್ ಗುಂಯ್ ಅನ್ನೋ ಪಂಪ್ ಸದ್ದು ಬರತ್ತಾ ಕೇಳಿ. ಬರ್ಲಿಲ್ಲ ಅಂದ್ರೆ ಮೊದಲು ಫ್ಯೂಸು, ರಿಲೇ. ಅದರಲ್ಲಿ ಪ್ಲಗ್ ವೈರ್ ಕಿತ್ತು ನೋಡೋ ಕೆಲಸ ಬೇಡ, ಇಸಿಯು ಹಾಳಾಗಬಹುದು.

ಭಾನುವಾರ ಗುಜರಿಯೋರ ಫೋನ್ ಬಂತು. ಎತ್ತಿದ್ದು ಅಮ್ಮ. "ಗಾಡಿ ಸರಿಯಾಗಿದೆ, ಬರೋದು ಬೇಡ" ಅಂದು ಇಟ್ರು. ಅಪ್ಪಯ್ಯ ಪೇಪರಿಂದ ತಲೆ ಎತ್ತಿ ನೋಡಿದ್ರು, ಏನೂ ಅನ್ನಲಿಲ್ಲ.

ಗಾಡಿ ಶಾಶ್ವತ ಅಂತ ನಾನೇನೂ ಹೇಳ್ತಿಲ್ಲ. ಖಾಸಗಿ ಕಾರಿಗೆ 15 ವರ್ಷ ಆದ್ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ತಪಾಸಣೆ ಆಗಬೇಕು. ನಮ್ದಕ್ಕೆ ಮುಂದಿನದು 2027ಕ್ಕೆ. ತಳ ತುಕ್ಕು ಹಿಡೀತಿದೆ. ಆಗ ಮಾರೋಣ ಅಂದ್ರೂ ಅನ್ನಬಹುದು. ಆದ್ರೆ ರೋಗ ಏನು ಅಂತ ಗೊತ್ತಿದ್ದು, ಓಡಿಸೋರನ್ನ ಕೇಳಿ ಮಾರೋದು ಬೇರೆ. 420 ರೂಪಾಯಿ ತೊಂದ್ರೆಗೆ ಹೆಸರು ಗೊತ್ತಾಗದೆ, ಯಾರೋ ಫೋನಲ್ಲಿ ಅಂದಿದ್ದನ್ನ ನಂಬಿ ಅಮ್ಮನ ಓಡಾಟಾನೇ ತೂಕಕ್ಕೆ ಹಾಕೋದು ಬೇರೆ.

ಕ್ಲಾಸಲ್ಲಿ ಇದನ್ನೆಲ್ಲ "ಇಗ್ನಿಷನ್ ಸಿಸ್ಟಮ್, ಹತ್ತು ಮಾರ್ಕು" ಅಂತ ಬರೆದು ಮುಗಿಸ್ತೀವಿ. ಮನೇಲಿ ಒಬ್ರಿಗಾದ್ರೂ ತೋರಿಸಿಕೊಡಿ. ಕೀ ಹಿಡಿದು ಕೂರೋರಿಗೇ ತೋರಿಸಿ.

ಆಗಸ್ಟಲ್ಲಿ ಒಂದು ಬೆಳಿಗ್ಗೆ, ಲ್ಯಾಬಿಗೆ ಹೋಗ್ತಿದ್ದಾಗ ಅಮ್ಮನ ಫೋನು: "ಏನೇ, ಗಾಡಿ ಮತ್ತೆ ಸ್ಟಾರ್ಟ್ ಆಗ್ತಿಲ್ಲ. ಮೂರು ವೈರಲ್ಲೂ ಕರೆಂಟ್ ನೋಡ್ದೆ, ಇದೆ. ಪ್ಲಗ್ ಒಣಗಿದೆ. ಪೆಟ್ರೋಲ್ ಬರ್ತಿಲ್ಲ ಅನ್ಸತ್ತೆ. ಮುಂದೆ ಎಂತ ನೋಡ್ಲಿ?"

ಅದು ಪಂಪಿನ ಕಥೆ. ಮುಂದಿನ ಭಾಗದಲ್ಲಿ ಬರೀತೀನಿ. ಅಲ್ಲಿ ತನಕ ನಿಮ್ಮನೆ ಹಳೇ ಗಾಡಿ ಯಾವುದು, ಅದನ್ನ ಓಡಿಸೋರು ಯಾರು ಅಂತ ಕಾಮೆಂಟಲ್ಲಿ ಹೇಳಿ.

#ಹಳೇಗಾಡಿಡೈರಿ #ಮಾರುತಿ800 #ಮಲೆನಾಡು #ಅಮ್ಮನಗಾಡಿ